ನಗುವಿನ ಬಿಲ್ ಯಾರ ಹೆಸರಿಗೆ?

ಇದು ಈ ವಾರದ ಕಂತಿನ ಬರಹರೂಪ. ಕೇಳೋಕೆ ಪುರುಸೊತ್ತಿಲ್ಲದವರು ಓದ್ಕೊಳ್ಳಿ, ಓದೋಕೆ ಬೇಜಾರಾದವರು ಮೇಲಿರೋ ಪ್ಲೇ ಬಟನ್ ಒತ್ತಿ.

ಇಬ್ಬರು ಹಾಸ್ಯಗಾರರು ಎರಡು ಮೈಕ್ ಇಟ್ಕೊಂಡು ಎದುರುಬದುರು ಕೂತು ಹರಟೆ ಹೊಡೆಯೋ ಕಾರ್ಯಕ್ರಮ ಈಗ ಯಾರಿಗೂ ಹೊಸದಲ್ಲ. ಅದರಲ್ಲಿ ಏನು ಮಾತಾಡ್ತಾರೆ ಗಮನಿಸಿ. ಹೊಸ ಸಿನಿಮಾ ಹೇಗಿದೆ, ರಿಯಾಲಿಟಿ ಶೋನಲ್ಲಿ ಯಾರು ಜಗಳ ಆಡಿದ್ರು, ಈಗಿನ ಜನಕ್ಕೆ ಜೋಕ್ ಅರ್ಥ ಆಗುತ್ತಾ ಇಲ್ವಾ. ಆಮೇಲೆ ಮಾತು ತಾನಾಗಿ ಒಂದೇ ಕಡೆ ತಿರುಗುತ್ತೆ: ಮರ್ಯಾದೆ. ಹೋಟೆಲಲ್ಲಿ ನಾಲ್ಕು ಜನ ತಿಂದಾಗ ದುಡ್ಡು ಯಾರು ಕೊಡಬೇಕು? ಫೋನ್ ಮಾಡೋ ಮುಂಚೆ ಮೆಸೇಜ್ ಹಾಕಬೇಕಾ? ಮನೆಗೆ ಬಂದವರು ಕಾಫಿ ಬೇಡ ಅಂದ್ರೆ ಅದು ನಿಜವಾಗಿ ಬೇಡವೋ, ಇನ್ನೊಂದು ಸಲ ಕೇಳಲಿ ಅಂತಾನೋ?

ಇದನ್ನ ಕೇಳಿದವರು ಇದೆಲ್ಲ ಅಮೆರಿಕದಿಂದ ಬಂದ ಹೊಸ ಚಾಳಿ ಅಂತಾರೆ. ಮೈಕ್ ಹೊಸದು, ಒಪ್ತೀನಿ. ಹರಟೆ ಹೊಸದಲ್ಲ. ಇಬ್ಬರು ನಿಂತು ಊರಿನ ರೀತಿ ರಿವಾಜು, ಆಳುವವರ ಠೀವಿ, ಆ ಹೊತ್ತಿನ ಫ್ಯಾಷನ್ನು, ಇವನ್ನೆಲ್ಲ ಎಳೆದಾಡೋದು ಕನ್ನಡದಲ್ಲಿ ಬಹಳ ಹಳೇ ಕಸುಬು. ಈ ಕಂತಿನಲ್ಲಿ ಆ ಕಸುಬಿನ ಚರಿತ್ರೆ ಹೇಳ್ತೀನಿ. ಆದರೆ ನಾನು ಬಿ.ಕಾಂ. ಓದಿದವನು, ಸಾಹಿತ್ಯದ ವಿದ್ಯಾರ್ಥಿ ಅಲ್ಲ. ಹಾಗಾಗಿ ನನ್ನ ಪ್ರಶ್ನೆಯೂ ಲೆಕ್ಕದ ಪುಸ್ತಕದ್ದೇ. ಮದುವೆ ಮನೇಲಿ ಒಬ್ಬರು ನೋಟ್‌ಬುಕ್ ಹಿಡ್ಕೊಂಡು ಕೂತು ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಬರ್ಕೊಳ್ತಾರಲ್ಲ, ಹಾಗೆ ಪ್ರತಿ ಜೋಕಿಗೂ ಒಂದು ಲೆಕ್ಕ ಇದೆ ಅಂತ ನನ್ನ ನಂಬಿಕೆ. ಸಭೆಯೆಲ್ಲ ನಕ್ಕಿತು, ಸರಿ. ಆ ನಗುವಿನ ಬಿಲ್ ಯಾರ ಹೆಸರಿಗೆ ಹೋಯ್ತು?

ಅರಮನೆಯ ಚಾರಕ, ಪರದೆ ಮುಂದಿನ ಕಳ್ಳ

ಯಕ್ಷಗಾನದಿಂದ ಶುರು ಮಾಡೋಣ. ಪ್ರಸಂಗದ ಪುಸ್ತಕದಲ್ಲಿ ಇರೋದು ಪದ್ಯಗಳು. ಮಾತನ್ನು ವೇಷಧಾರಿಗಳು ರಂಗದ ಮೇಲೇ ಕಟ್ಟಬೇಕು. ರಾಜವೇಷ ಬಂದರೆ ಗ್ರಾಂಥಿಕ ಕನ್ನಡ, ಉದ್ದುದ್ದ ಸಮಾಸ, ಎದೆಯುಬ್ಬಿಸಿ ಮಾತು. ಅವನ ಎದುರಿಗೆ ಹಾಸ್ಯಗಾರ, ಚಾರಕನಾಗಿಯೋ ದೂತನಾಗಿಯೋ, ಸೊಂಟ ಬಗ್ಗಿಸಿಕೊಂಡು ಬರ್ತಾನೆ. ಅವನ ಬಾಯಲ್ಲಿ ಊರಿನ ಮಾತು. ಬಡಗಿನ ಕಡೆ ಆಗಿದ್ರೆ ಕುಂದಾಪುರದ ಕನ್ನಡ. ರಾಜ ಒಂದು ಆಜ್ಞೆ ಕೊಟ್ಟರೆ ಈತ ಅದನ್ನ ಅಕ್ಷರಶಃ ತಗೊಂಡು ಎಡವಟ್ಟು ಮಾಡ್ತಾನೆ, ನಡುವೆ ಭಾಗವತರ ಜೊತೆಗೂ ಎರಡು ಮಾತಾಡ್ತಾನೆ, ಹೊತ್ತು ನೋಡಿ ಆ ಊರಿನ ಸುದ್ದಿಯನ್ನೂ ಒಳಗೆ ತೂರಿಸ್ತಾನೆ.

ಇಲ್ಲಿ ಮರ್ಯಾದೆಯ ವ್ಯಾಕರಣ ನೋಡಿ. ಚಾರಕ ರಾಜನಿಗೆ ಬಹುವಚನ ಬಿಡೋದಿಲ್ಲ. ತಲೆ ತಗ್ಗಿಸೇ ಇರ್ತಾನೆ. ಆದರೂ ಸಭೆ ನಗೋದು ರಾಜನ ಗತ್ತಿಗೆ. ‘ನೀವು’ ಅಂತ ಹೇಳ್ತಾನೇ ಒಬ್ಬನ ಗಾಳಿ ತೆಗೆಯೋ ವಿದ್ಯೆ ಇದು. ಬಿಲ್ ಹೋಗೋದು ಕಿರೀಟಕ್ಕೆ. ಕಿರೀಟಕ್ಕೆ ಅದನ್ನ ಕಟ್ಟೋ ತಾಕತ್ತಿದೆ.

ಕಂಪನಿ ನಾಟಕದಲ್ಲಿ ಹಾಸ್ಯಕ್ಕೆ ಇನ್ನೊಂದು ಕೆಲಸ ಸೇರಿಕೊಳ್ತು. ಹಿಂದೆ ಅರಮನೆ ತೆಗೆದು ಕಾಡು ನಿಲ್ಲಿಸೋಕೆ ಸಮಯ ಬೇಕು. ಅಷ್ಟು ಹೊತ್ತು ಮುಂದೆ ರಸ್ತೆಯ ಪರದೆ ಇಳಿಬಿಟ್ಟು, ಅದರ ಮುಂದೆ ಹಾಸ್ಯದ ಜೋಡಿಯನ್ನ ಬಿಡೋರು. ಹಿಂದೆ ಮೊಳೆ ಹೊಡೆಯೋ ಸದ್ದು, ಮುಂದೆ ನಗು. ಅಂದ್ರೆ ಈ ಹರಟೆ ಹುಟ್ಟಿದ್ದರ ಹಿಂದೆ ರಂಗದ ಅನಿವಾರ್ಯವೂ ಇದೆ. ಕಥೆಗೆ ಸಂಬಂಧ ಇಲ್ಲದೇ ಇರೋದ್ರಿಂದ್ಲೇ ಅಲ್ಲಿ ಏನು ಬೇಕಾದ್ರೂ ಮಾತಾಡಬಹುದಿತ್ತು.

1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನು ದೊಡ್ಡದು ಮಾಡಿದ ವೀರಣ್ಣನವರು ಜನಕ್ಕೆ ನೆನಪಿರೋದು ರಾಜನ ಪಾತ್ರದಿಂದಲ್ಲ, ‘ಸದಾರಮೆ’ಯ ಕಳ್ಳನಿಂದ. ಕಂಪನಿಯ ಮಾಲೀಕರೇ ಕಳ್ಳ! ಮೈಸೂರು ಮಹಾರಾಜರು ಅವರಿಗೆ ಕೊಟ್ಟ ಬಿರುದು ‘ವರ್ಸಟೈಲ್ ಕಮೇಡಿಯನ್’. ಸಂಬಳ ಕೊಡೋನೇ ವೇದಿಕೆ ಮೇಲೆ ಪೆಚ್ಚಾದ್ರೆ ಆ ನಗುವಿನ ಖರ್ಚು ಮಾಲೀಕನ ಖಾತೆಗೆ. ಕಂಪನಿಯ ಹುಡುಗರು ಯಾರೂ ಅದನ್ನ ತುಂಬಿಕೊಡಬೇಕಿರಲಿಲ್ಲ.

ಜಡ್ಜ್ ಮನೆಯ ಹುಡುಗ ತನ್ನ ಮನೆಯನ್ನೇ ಬಯಲಿಗಿಟ್ಟ

ಈಗ ಬರೋರು ಟಿ.ಪಿ. ಕೈಲಾಸಂ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಇವತ್ತು ಸ್ಟ್ಯಾಂಡ್‌ಅಪ್ ಅಂತ ನಾವು ಕರೆಯೋದರ ಅರ್ಧ ಇಲ್ಲೇ ಇದೆ.

1884ರಲ್ಲಿ ಹುಟ್ಟಿದ್ದು. ತಂದೆ ಪರಮಶಿವ ಅಯ್ಯರ್, ನ್ಯಾಯಾಧೀಶರು. ಮಗ ಲಂಡನ್ನಿಗೆ ಹೋಗಿ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಭೂವಿಜ್ಞಾನ ಓದಿ ಬಂದ. ಆ ಕಾಲಕ್ಕೆ ಇದಕ್ಕಿಂತ ದೊಡ್ಡ ಬಯೋಡೇಟಾ ಇಲ್ಲ. ಕೆಲಸ ಹಿಡಿದು ಬಂಗಲೆ ಕಟ್ಟಬೇಕಾದ ಮನುಷ್ಯ, ಕೆಲಸ ಬಿಟ್ಟು ನಾಟಕ ಕಟ್ಟಿದ. ಕಟ್ಟಿದ್ದೂ ಹೇಗೆ? ಬಹುಪಾಲು ಬಾಯಲ್ಲಿ. ಸಿಗರೇಟು ಹಚ್ಚಿಕೊಂಡು, ಸುತ್ತ ಕೂತ ಗೆಳೆಯರಿಗೆ ಪಾತ್ರಗಳನ್ನೆಲ್ಲ ಅಭಿನಯಿಸ್ತಾ ಹೇಳೋರು, ಯಾರೋ ಬರ್ಕೊಳ್ಳೋರು. ರೆಕಾರ್ಡರ್ ಒಂದು ಇದ್ದಿದ್ರೆ ಅದು ಪಾಡ್‌ಕಾಸ್ಟೇ.

ಅವರಿಗಿಂತ ಮುಂಚೆ ನಮ್ಮ ರಂಗದ ಮೇಲೆ ಇದ್ದದ್ದು ಹೆಚ್ಚಾಗಿ ಪುರಾಣ, ಹಾಡು, ಕಿರೀಟ. ಕೈಲಾಸಂ ತಂದದ್ದು ಬೆಂಗಳೂರು, ಮೈಸೂರಿನ ವಠಾರ, ನಡುಮನೆ, ಮತ್ತು ಅಲ್ಲಿನ ಮಾತು. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಎರಡನ್ನೂ ಕಲಸಿ ಇನ್ನೊಂದು. ಈಗ ಸ್ಟ್ಯಾಂಡ್‌ಅಪ್ ಮಾಡೋ ಹುಡುಗರಿಗೆ ‘ಕಂಗ್ಲಿಷ್ ಮಾತಾಡ್ತೀರಿ, ಭಾಷೆ ಕೆಡಿಸ್ತೀರಿ’ ಅಂತ ಬೈಯ್ತಾರಲ್ಲ, ಆ ಬೈಗುಳಕ್ಕೆ ನೂರು ವರ್ಷ ಆಯ್ತು.

‘ಟೊಳ್ಳುಗಟ್ಟಿ’ ತಗೊಳ್ಳಿ. ಒಂದೇ ಮನೆಯ ಇಬ್ಬರು ಹುಡುಗರು. ಪುಟ್ಟು ಉರುಹೊಡೆದು ಪಾಸಾಗೋನು, ಮನೆಯವರ ಕಣ್ಮಣಿ. ಮಾಧು ಪರೀಕ್ಷೆಯಲ್ಲಿ ಹಿಂದೆ, ಆದರೆ ಕಷ್ಟ ಅಂತ ಬಂದಾಗ ಕೈ ಕೊಡದೆ ನಿಲ್ಲೋನು. ಟೊಳ್ಳು ಯಾರು, ಗಟ್ಟಿ ಯಾರು? ಮಾರ್ಕ್ಸ್ ಕಾರ್ಡನ್ನೇ ಮನುಷ್ಯನ ಬೆಲೆಪಟ್ಟಿ ಅಂದುಕೊಳ್ಳೋ ಅಪ್ಪ ಅಮ್ಮಂದಿರ ಬಗ್ಗೆ ಇವತ್ತಿಗೂ ಜೋಕ್ ಮಾಡದ ಕನ್ನಡ ಕಾಮಿಡಿಯನ್ ಸಿಗೋದು ಕಷ್ಟ.

‘ಬಂಡ್ವಾಳ್ವಿಲ್ಲದ ಬಡಾಯಿ’ ಅಂತೂ ಕಾಮರ್ಸ್ ಓದಿದವರಿಗೆ ಹೆಸರಲ್ಲೇ ಖುಷಿ. ಅಹೋಬ್ಲು ಅನ್ನೋ ವಕೀಲ. ಹೆಂಡತಿ ಮುಂದೆ, ನಂಟರ ಮುಂದೆ, ತನ್ನ ಶೌರ್ಯದ ಕಥೆ ಕೊಚ್ಚಿಕೊಳ್ಳೋದೇ ಅವನ ಉದ್ಯೋಗ. ಆಸ್ತಿ ಸೊನ್ನೆ, ಜಾಹೀರಾತು ಜೋರು. ‘ಹೋಂರೂಲು’ ಇನ್ನೊಂದು. ದೇಶವೆಲ್ಲ ಸ್ವರಾಜ್ಯದ ಹೋಂ ರೂಲ್ ಅಂತ ಭಾಷಣ ಮಾಡ್ತಿದ್ದಾಗ ಆ ಪದವನ್ನೇ ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದ್ರು. ಪತ್ರಿಕೆಯಲ್ಲಿ ಓಡ್ತಿರೋ ಮಾತನ್ನ ಕದ್ದು ಮನೆ ಜಗಳಕ್ಕೆ ಹಚ್ಚೋದು ಇವತ್ತಿನ ಮೀಮ್ ಮಾಡೋರ ಕೆಲಸ.

ಬಿಲ್ ಯಾರಿಗೆ? ಇಂಗ್ಲಿಷ್ ಕಲಿತು ಮೇಲೆದ್ದ ವಕೀಲ, ಗುಮಾಸ್ತ, ಸರ್ಕಾರಿ ಸಂಬಳದ ಮನೆ. ಅಂದ್ರೆ ಕೈಲಾಸಂ ಹುಟ್ಟಿದ ಜನವೇ. ‘ನಮ್ ಬ್ರಾಹ್ಮಣ್ಕೆ’, ‘ನಮ್ ಕ್ಲಬ್ಬು’, ‘ನಮ್ ಕಂಪ್ನಿ’ ಅಂತ ಅವರ ನಾಟಕಗಳ ಹೆಸರು. ಆ ‘ನಮ್’ ಅನ್ನೋ ಒಂದು ಪದದಲ್ಲಿ ರಸೀದಿ ಇದೆ. ‘ನಿಮ್ಮದು’ ಅಂತ ಬೆರಳು ತೋರಿಸಲಿಲ್ಲ, ‘ಅವರದು’ ಅಂತ ಜಾರಿಕೊಳ್ಳಲಿಲ್ಲ. ಆ ಮನೆಗಳ ಜನವೇ ಟಿಕೆಟ್ ತಗೊಂಡು ಬಂದು ಕೂತು ನಕ್ಕರು. ಕೊನೆಗೆ 1945ರಲ್ಲಿ ಮದ್ರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದ್ರು. ಭಾಷೆ ಕೆಡಿಸಿದ ಅಂತ ಬೈಸಿಕೊಂಡ ಮನುಷ್ಯನಿಗೆ ಭಾಷೆಯ ದೊಡ್ಡ ಕುರ್ಚಿ. ಮರುವರ್ಷ ತೀರಿಕೊಂಡರು.

ಡಾಕ್ಟರ ಪತ್ರಿಕೆ, ಅಡುಗೆಮನೆಯ ಪೆನ್ನು

ಈ ಹರಟೆ ಕಾಗದಕ್ಕೆ ಇಳಿದದ್ದು 1942ರಲ್ಲಿ. ಡಾಕ್ಟರ್ ಎಂ. ಶಿವರಾಂ, ಅಂದ್ರೆ ರಾಶಿ, ‘ಕೊರವಂಜಿ’ ಅನ್ನೋ ಹಾಸ್ಯ ಮಾಸಿಕ ಶುರು ಮಾಡಿದ್ರು. ಹೊರಗೆ ಯುದ್ಧ, ರೇಷನ್ನು, ಚಳವಳಿ. ವೈದ್ಯರೊಬ್ಬರು ಕೂತು ನಗೋ ಔಷಧ ಬರೆದುಕೊಟ್ಟರು. ಇಪ್ಪತ್ತೈದು ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ದೇಶಕ್ಕೆಲ್ಲ ಗೊತ್ತಾಗೋ ಮುಂಚೆ ಇಲ್ಲಿ ಚಿತ್ರ ಬರೀತಿದ್ರು. ಪದಗಳಿಗೆ ತಲೆಕೆಳಗು ಅರ್ಥ ಕೊಟ್ಟ ನಾ. ಕಸ್ತೂರಿಯವರ ‘ಅನರ್ಥಕೋಶ’ವೂ ಈ ಬಳಗದ್ದೇ.

ಆದರೆ ನನ್ನ ಲೆಕ್ಕಕ್ಕೆ ಕೊರವಂಜಿಯ ದೊಡ್ಡ ಎಂಟ್ರಿ ಟಿ. ಸುನಂದಮ್ಮ. ಅಲ್ಲಿಯವರೆಗೆ ಮನೆ, ಹೆಂಡತಿ, ಅತ್ತೆ, ಸೀರೆ, ಅಡುಗೆ ಅಂತ ಜೋಕ್ ಮಾಡ್ತಿದ್ದವರು ಹೆಚ್ಚಾಗಿ ಗಂಡಸರು. ಹೆಂಡತಿ ಜೋಕಿನ ವಸ್ತು, ಬಿಲ್ ಅವಳ ಹೆಸರಿಗೆ, ಅವಳಿಗೆ ಮರುಮಾತಿಗೆ ಜಾಗ ಇಲ್ಲ. ಸುನಂದಮ್ಮ ಅದೇ ಮನೆಯನ್ನ ಒಳಗಿನಿಂದ ಬರೆದರು. ಬಂದ ನೆಂಟರ ಉಪಚಾರ, ಯಜಮಾನರ ಪತ್ರಿಕೆ ಓದುವ ಗಾಂಭೀರ್ಯ, ಮಹಿಳಾ ಸಮಾಜದ ಮಾತುಕತೆ. ವಿಷಯ ಅದೇ, ಲೇಖನಿ ಹಿಡಿದ ಕೈ ಬೇರೆ. ಕನ್ನಡದ ಮೊದಲ ಮುಖ್ಯ ಹಾಸ್ಯಲೇಖಕಿ ಅಂತ ಅವರನ್ನ ಕರೆಯೋದು ಇದಕ್ಕೇ.

ಬಳ್ಳಾರಿ ಸೀಮೆಯಿಂದ ಇನ್ನೊಬ್ಬರು ಬಂದ್ರು: ರಾಯಸಂ ಭೀಮಸೇನರಾವ್. ಹರಪನಹಳ್ಳಿಯಲ್ಲಿ ಹುಟ್ಟಿ, ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದವರು. ನಮಗೆ ಅವರು ಬೀಚಿ. ಆ ಹೆಸರನ್ನ ಬರೆಯೋದೇ ಒಂದಕ್ಷರ ಕನ್ನಡದಲ್ಲಿ, ಮಿಕ್ಕಿದ್ದು ಇಂಗ್ಲಿಷ್ ಲಿಪಿಯಲ್ಲಿ. ಸಹಿಯಲ್ಲೇ ಒಂದು ಜೋಕು. ತಿಂಮ ಅನ್ನೋ ಪಾತ್ರ ಸೃಷ್ಟಿಸಿ ಜಾತಿ, ದೇವರು, ಮಡಿ, ಮದುವೆ ಎಲ್ಲದರ ಬಗ್ಗೆ ಅವನ ಬಾಯಲ್ಲಿ ಮಾತಾಡಿಸಿದ್ರು. ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗೆ ಒಂದು ಸಾಲಲ್ಲಿ ಉತ್ತರ ಕೊಡೋ ಅಂಕಣ ನಡೆಸಿದ್ರು. ಈಗಿನ ಭಾಷೆಯಲ್ಲಿ ಅದು ಕಾಮೆಂಟ್ ಓದಿ ಉತ್ತರ ಕೊಡೋದು. ಆತ್ಮಕಥೆಗೆ ಅವರಿಟ್ಟ ಹೆಸರು ‘ನನ್ನ ಭಯಾಗ್ರಫಿ’. ಊರಿಗೆಲ್ಲ ಬಿಲ್ ಹರಿದ ಮನುಷ್ಯ ಕೊನೆಗೆ ತನ್ನ ಹೆಸರಿಗೂ ಒಂದು ಹರಿದುಕೊಂಡ.

ಬೆಳಗಿನ ಪೇಪರ್, ರಾತ್ರಿಯ ನಾಟಕ

ಈಗ ನನ್ನ ಮಟ್ಟಿಗೆ ಈ ಚರಿತ್ರೆಯ ನಡುಮಧ್ಯದ ಕಂಬ: ಮಾಸ್ಟರ್ ಹಿರಣ್ಣಯ್ಯ. 1934ರಲ್ಲಿ ಮೈಸೂರಲ್ಲಿ ಹುಟ್ಟಿದ ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ನಾಟಕದವರು, ಮಗ ಮಾಸ್ಟರ್ ಆಗಿ ತಂದೆಯ ಹೆಸರನ್ನೇ ಹೊತ್ತುಕೊಂಡ. 1959ರಲ್ಲಿ ರಂಗಕ್ಕೆ ಬಂದ ‘ಲಂಚಾವತಾರ’ ಸಾವಿರಾರು ಪ್ರಯೋಗ ಕಂಡಿತು.

ಅದು ಅಷ್ಟು ಕಾಲ ಓಡಿದ್ದು ಹೇಗೆ? ನಾಟಕ ಪ್ರತಿದಿನ ಹೊಸದಾಗ್ತಿತ್ತು. ಕಥೆಯ ಚೌಕಟ್ಟು ಅದೇ. ಆದರೆ ನಡುವೆ ಹಿರಣ್ಣಯ್ಯನವರು ಪಾತ್ರದಿಂದ ಒಂದು ಹೆಜ್ಜೆ ಹೊರಗೆ ಬಂದು, ಅವತ್ತಿನ ಪೇಪರಿನ ಸುದ್ದಿ, ಆ ಊರಿನ ಗುಂಡಿ ಬಿದ್ದ ರಸ್ತೆ, ಹೊಸ ಮಂತ್ರಿಯ ಹೇಳಿಕೆ, ಎಲ್ಲ ಎತ್ತಿಕೊಳ್ಳೋರು. ಎದುರಿಗಿರೋ ನಟ ಒಂದು ಮಾತು ಎಸೆಯೋದು, ಇವರು ಅದನ್ನ ಹಿಡಿದು ಸಭೆಗೆ ಎಸೆಯೋದು. ಇದೇ ಅಲ್ವಾ ಇಬ್ಬರು ಕಾಮಿಡಿಯನ್‌ಗಳ ಹರಟೆ? ‘ನಡುಬೀದಿ ನಾರಾಯಣ’, ‘ಮಕ್ಮಲ್ ಟೋಪಿ’, ‘ಭ್ರಷ್ಟಾಚಾರ’, ‘ಕಪಿಮುಷ್ಟಿ’, ಹೀಗೆ ಹೆಸರಿನಲ್ಲೇ ಏಟು.

ಲಂಚದ ನಾಟಕಕ್ಕೆ ಅಧಿಕಾರಿಗಳೂ ಬಂದರು, ರಾಜಕಾರಣಿಗಳೂ ಬಂದರು, ನಕ್ಕರು. ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತೆ. ಸಾವಿರಾರು ಸಲ ನಕ್ಕ ಮೇಲೂ ಲಂಚ ನಿಂತಿತಾ? ಇಲ್ಲ. ಹಾಗಿದ್ರೆ ಆ ನಗು ದಂಡವಾ? ಕೆಲವರು ಹಾಗೇ ಹೇಳ್ತಾರೆ: ಜನ ನಕ್ಕು ಹಗುರಾಗಿ ಮನೆಗೆ ಹೋದ್ರು, ಮರುದಿನ ಕಚೇರಿಯಲ್ಲಿ ಕವರ್ ಕೊಟ್ಟರು. ಈ ವಾದವನ್ನ ನಾನು ತಳ್ಳಿಹಾಕೋದಿಲ್ಲ. ಆದರೆ ಹಿರಣ್ಣಯ್ಯನವರು ಇದನ್ನ ಬಲ್ಲವರಾಗಿದ್ರು. ಅದಕ್ಕೇ ಅವರ ಬೈಗುಳ ವೇದಿಕೆಯ ಮಂತ್ರಿಯಲ್ಲಿ ನಿಲ್ಲುತ್ತಿರಲಿಲ್ಲ. ದುಡ್ಡು ತಗೊಂಡು ಓಟು ಹಾಕೋ ಜನಕ್ಕೂ, ಬೇಗ ಕೆಲಸ ಆಗಲಿ ಅಂತ ಮೇಜಿನ ಕೆಳಗೆ ಕೈ ಹಾಕೋರಿಗೂ ಅಷ್ಟೇ ಜೋರಾಗಿ ಬೀಳ್ತಿತ್ತು. ಟಿಕೆಟ್ ಕೊಂಡು ಬಂದವನನ್ನೇ ಬೈಯೋ ವ್ಯಾಪಾರ! ಬಿಲ್ಲನ್ನ ಅರ್ಧರ್ಧ ಮಾಡಿದ್ರು: ಅರ್ಧ ಕುರ್ಚಿಗೆ, ಅರ್ಧ ಕುರ್ಚಿ ಕೊಟ್ಟವರಿಗೆ. 2019ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆ ನಡೀತಿದ್ದ ಹೊತ್ತಲ್ಲೇ, ಅವರು ತೀರಿಕೊಂಡರು.

ಮರುಮಾತಿಲ್ಲದವರ ಖಾತೆ

ಸಿನಿಮಾಕ್ಕೆ ಬಂದರೆ ಲೆಕ್ಕ ಸ್ವಲ್ಪ ಕಹಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜೊತೆಗೇ ಪರದೆಗೆ ಬಂದ ನರಸಿಂಹರಾಜು, ಬಾಲಕೃಷ್ಣ, ಇವರೆಲ್ಲ ಕಂಪನಿ ನಾಟಕದ ಗರಡಿಯವರು. ತಮ್ಮ ಮುಖ, ತಮ್ಮ ಹಲ್ಲು, ತಮ್ಮ ಮೈಯನ್ನೇ ಬಂಡವಾಳ ಮಾಡಿಕೊಂಡವರು. ಬರಬರುತ್ತಾ ಕಥೆಗೆ ಅಂಟದ ‘ಕಾಮಿಡಿ ಟ್ರ್ಯಾಕ್’ ಬಂತು. ಎಂಬತ್ತರ ದಶಕದ ಹೊತ್ತಿಗೆ ಎರಡರ್ಥದ ಸಂಭಾಷಣೆ ಬಂತು. ಅಲ್ಲಿ ಬಿಲ್ ಬಿದ್ದದ್ದು ಹೆಚ್ಚಾಗಿ ಹೆಂಗಸಿನ ಮೈಗೆ. ದಪ್ಪ ಇದ್ದರೆ ಜೋಕು, ಕಪ್ಪಿದ್ದರೆ ಜೋಕು.

ಉಮಾಶ್ರೀಯವರ ಹೆಸರು ಇಲ್ಲಿ ಹೇಳಲೇಬೇಕು. ಎನ್.ಎಸ್. ರಾವ್ ಜೊತೆ ಅವರ ಜೋಡಿ ಆಗ ಮನೆಮಾತು. ಚಿತ್ರರಂಗ ವರ್ಷಗಟ್ಟಲೆ ಅವರಿಗೆ ಕೊಟ್ಟದ್ದು ಅಂಥದ್ದೇ ಪಾತ್ರ. ಅದೇ ಕಲಾವಿದೆ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ತಗೊಂಡ್ರು, 2013ರಲ್ಲಿ ರಾಜ್ಯದ ಮಂತ್ರಿಯಾಗಿ ಕನ್ನಡ ಮತ್ತು ಸಂಸ್ಕೃತಿ ಖಾತೆ ನೋಡಿಕೊಂಡ್ರು. ನಾವು ನಕ್ಕ ಆ ದೃಶ್ಯಗಳನ್ನ ಈಗ ಮತ್ತೆ ನೋಡಿ. ಪ್ರತಿಭೆ ಅವರದು, ಬಿಲ್ಲೂ ಅವರದೇ ಆಗಿತ್ತು ಅನ್ನೋದು ಕಾಣಿಸುತ್ತೆ.

ಹಾಸ್ಯಸಂಜೆಗಳ ಕಾಲ ಆಮೇಲಿನದು. ಗಂಗಾವತಿ ಪ್ರಾಣೇಶ್ ಅವರು ಬೀಚಿಯ ಪುಸ್ತಕಗಳನ್ನ ಓದಿ ಬೆಳೆದು, ಅದನ್ನ ಉತ್ತರ ಕರ್ನಾಟಕದ ಮಾತಿನಲ್ಲಿ ಊರೂರಿಗೆ ಹೊತ್ತರು. ಪ್ರೊ. ಕೃಷ್ಣೇಗೌಡರು ಹಳೇ ಮೈಸೂರಿನ ಹಳ್ಳಿಯ ಮಾತನ್ನ ಸಭೆಗೆ ತಂದರು. ಸುಧಾ ಬರಗೂರು ಹೆಣ್ಣುದನಿಯನ್ನ ವೇದಿಕೆಯ ನಡುವೆ ನಿಲ್ಲಿಸಿದ್ರು. ಟೀವಿ ಕಾಮಿಡಿ ಸ್ಪರ್ಧೆಗಳಲ್ಲಿ ಹಳ್ಳಿಗಳ ಹುಡುಗ ಹುಡುಗಿಯರಿಗೆ ಬಾಗಿಲು ತೆರೆಯಿತು, ಅದು ಸಣ್ಣ ಲಾಭವಲ್ಲ. ಆದರೆ ಸೀರೆ ಉಟ್ಟ ಗಂಡಸು, ಕುಳ್ಳ, ದಪ್ಪ, ಇವೇ ಜೋಕುಗಳು ಅಲ್ಲೂ ಮುಂದುವರಿದವು.

ಈಗಿನ ಮೈಕು

ಕಳೆದ ಹತ್ತು ವರ್ಷದಲ್ಲಿ ಲೋಲ್‌ಬಾಗ್‌ನಂಥ ತಂಡಗಳು ಕನ್ನಡದಲ್ಲೇ ಸ್ಟ್ಯಾಂಡ್‌ಅಪ್ ಕಟ್ಟಿದವು. ದಾನಿಶ್ ಸೇಠ್ 2020ರ ಲಾಕ್‌ಡೌನಲ್ಲಿ ಮನೆಯೊಳಗೇ ಕೂತು, ಒಬ್ಬರೇ ನಾಲ್ಕೈದು ದನಿಯಲ್ಲಿ ಜಯ, ರಾಮಮೂರ್ತಿ ಅಂತ ಫೋನಲ್ಲಿ ಮಾತಾಡಿದ್ರು. ಜೊತೆಗಾರ ಇಲ್ಲದಿದ್ರೂ ಜೋಡಿ ಹರಟೆ ನಿಲ್ಲಲಿಲ್ಲ. ಇವರ ಜೋಕು ಓನರ್ ಅಂಕಲ್ಲಿನದು, ಆಫೀಸ್ ಮ್ಯಾನೇಜರಿನದು, ‘ಊಟ ಆಯ್ತಾ’ ಅಂತ ಮಧ್ಯಾಹ್ನ ನಾಲ್ಕಕ್ಕೆ ಕೇಳೋ ನೆಂಟರದು. ಕೈಲಾಸಂ ಅವರ ‘ನಮ್’ ಇಲ್ಲಿ ಮತ್ತೆ ಬಂದಿದೆ ಅನ್ನಿಸುತ್ತೆ. ವೇದಿಕೆ ಮೇಲೆ ನಿಂತವನು ಮೊದಲು ತನ್ನನ್ನೇ ಹಳ್ಳಕ್ಕೆ ತಳ್ಳಿಕೊಳ್ತಾನೆ.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. 28 ನವೆಂಬರ್ 2021ರಂದು ಬೆಂಗಳೂರಲ್ಲಿ ನಡೆಯಬೇಕಿದ್ದ ಮುನಾವರ್ ಫಾರೂಕಿ ಅವರ ಕಾರ್ಯಕ್ರಮ, ಕಾನೂನು ಸುವ್ಯವಸ್ಥೆಯ ಕಾರಣ ಕೊಟ್ಟು ಪೊಲೀಸರು ಬರೆದ ಪತ್ರದ ನಂತರ ರದ್ದಾಯಿತು. ಅದೇ ವರ್ಷದ ಶುರುವಿನಲ್ಲಿ ಅವರು ಇಂದೋರಿನಲ್ಲಿ ಬಂಧನಕ್ಕೊಳಗಾಗಿ, ಸುಪ್ರೀಂ ಕೋರ್ಟ್ ಜಾಮೀನು ಕೊಡುವವರೆಗೆ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದರು. ಅವರ ಜೋಕು ನಿಮಗೆ ಇಷ್ಟವೋ ಇಲ್ಲವೋ, ಅದು ಬೇರೆ ಮಾತು. ಲಂಚಾವತಾರ ಊರೂರು ಸುತ್ತಿದ ರಾಜ್ಯದಲ್ಲಿ, ಜೋಕ್ ಹೇಳೋ ಮುಂಚೆಯೇ ಬಿಲ್ ಹೇಳುವವನ ಕೈಗೆ ಬಂತು ಅನ್ನೋದನ್ನ ಚರಿತ್ರೆಯ ಪುಟದಲ್ಲಿ ಬರ್ಕೊಳ್ಳಲೇಬೇಕು. ಮರ್ಯಾದೆ ಅನ್ನೋ ಪದ ಈಗ ಎರಡು ಕೆಲಸಕ್ಕೆ ಬಳಕೆ ಆಗ್ತಿದೆ. ಬಡಪಾಯಿಯನ್ನ ಆಡಿಕೊಳ್ಳಬೇಡಿ ಅನ್ನೋದಕ್ಕೂ ಅದೇ ಪದ, ನಮ್ಮನ್ನ ಕೇಳಬೇಡಿ ಅನ್ನೋದಕ್ಕೂ ಅದೇ ಪದ. ಮೊದಲನೆಯದು ಕಾಮಿಡಿಯನ್ ಕಲಿಯಬೇಕಾದ ಶಿಸ್ತು. ಎರಡನೆಯದು ಕಿರೀಟದ ಹಳೇ ಆಸೆ.

ಅದಕ್ಕೇ ಮುಂದಿನ ಸಲ ಇಬ್ಬರು ಕೂತು ‘ಈಗಿನ ಕಾಲದಲ್ಲಿ ಏನೂ ಜೋಕ್ ಮಾಡೋ ಹಾಗಿಲ್ಲ ಮಗಾ’ ಅಂದಾಗ, ನೀವು ಒಂದು ಸಣ್ಣ ಲೆಕ್ಕ ಮಾಡಿ. ಈ ಜೋಕಿನಲ್ಲಿ ಸಿಕ್ಕಿಬಿದ್ದವರು ಎದ್ದು ನಿಂತು ಮರುಮಾತು ಕೊಡಬಲ್ಲರಾ? ಕೊಡಬಲ್ಲರಾದ್ರೆ ಹೊಟ್ಟೆ ತುಂಬ ನಗಿ. ಇಲ್ಲ ಅಂದ್ರೆ ಒಂದು ಕ್ಷಣ ತಡೆದು, ಬಿಲ್ಲಲ್ಲಿ ಯಾರ ಹೆಸರಿದೆ ಅಂತ ನೋಡಿ.

ನೀವು ನೋಡಿದ ಯಕ್ಷಗಾನದ ಹಾಸ್ಯಗಾರರು, ಕಂಪನಿ ನಾಟಕದ ಜೋಡಿಗಳು, ನಿಮ್ಮೂರಲ್ಲಿ ಲಂಚಾವತಾರ ಆಡಿದ ರಾತ್ರಿ, ಇವುಗಳ ನೆನಪಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಅಜ್ಜ ಅಜ್ಜಿಯರನ್ನ ಕೇಳಿ ಕಳಿಸಿದ್ರೆ ಇನ್ನೂ ಒಳ್ಳೇದು. ಮುಂದಿನ ಕಂತಿನಲ್ಲಿ ಕಂಪನಿ ನಾಟಕದ ಗಲ್ಲಾಪೆಟ್ಟಿಗೆ: ನೆಲದ ಟಿಕೆಟ್‌ನಿಂದ ಕುರ್ಚಿ ಟಿಕೆಟ್‌ವರೆಗೆ, ಯಾರು ಎಲ್ಲಿ ಕೂರ್ತಿದ್ರು, ಯಾಕೆ. ಅಲ್ಲಿವರೆಗೂ ನಮಸ್ಕಾರ.